ಕೆಳಗ ನೋಡಿದವ ಕೆಟ್ಟ

ಸವದತ್ತಿ ತಾಲ್ಲೂಕಿನ ಹಳ್ಳಿಯೊಂದರ ಅಂಗನವಾಡಿ ಗೋಡೆಯ ಮೇಲೆ ಮಿಕ್ಕಿ ಮೌಸ್ ಕೈಬೀಸುತ್ತ ನಿಂತಿದ್ದಾನೆ. ಕೆಂಪು ಚಡ್ಡಿ, ಹಳದಿ ಬೂಟು, ಬಿಳಿ ಕೈಗವಸು, ಎಲ್ಲ ಸರಿಯಾಗಿಯೇ ಇದೆ. ಆದರೆ ಕೈಗೆ ಐದು ಬೆರಳು. ಡಿಸ್ನಿಯ ಅಸಲಿ ಮಿಕ್ಕಿಗೆ ಇರುವುದು ನಾಲ್ಕೇ. ಇಲಿಯ ಕೈಗೆ ಐದು ಬೆರಳಿಟ್ಟರೆ ಬಾಳೆಹಣ್ಣಿನ ಚಿಪ್ಪಿನ ಹಾಗೆ ಕಾಣುತ್ತದೆ ಎಂಬುದು ಡಿಸ್ನಿಯ ಸಮಜಾಯಿಷಿ. ಸಾವಿರಗಟ್ಟಲೆ ಚಿತ್ರಗಳನ್ನು ಕೈಯಲ್ಲೇ ಬರೆಯುತ್ತಿದ್ದ ಕಾಲದಲ್ಲಿ ಒಂದು ಬೆರಳು ಬಿಟ್ಟರೆ ಎಷ್ಟು ಕೂಲಿ ಉಳಿಯುತ್ತದೆ ಎಂಬುದೂ ಆ ಪುಣ್ಯಾತ್ಮನಿಗೆ ಗೊತ್ತಿತ್ತು. ನಮ್ಮ ಪೇಂಟರನ ಲೆಕ್ಕ ಬೇರೆ.

"ಒಂದ ಬೆರಳ ಕಮ್ಮಿ ಬರದ್ರ ಸಾಹೇಬ್ರು ಕೆಲಸ ಅರ್ಧಕ್ಕ ನಿಂತೈತಿ ಅಂತ ಷರಾ ಹಾಕ್ತಾರ್ರೀ. ಬಿಲ್ ಆಗೂದಿಲ್ಲ."

ಅದೇ ಅಂಗನವಾಡಿಯ ಹಿಂದೆ ಬಾಗಿಲಿಲ್ಲದ ಒಂದು ಶೌಚಾಲಯವಿದೆ. ಅದರ ಬಿಲ್ ಎಂದೋ ಆಗಿದೆ. ಅಲ್ಲಿ ಬೆರಳು ಎಣಿಸುವಂಥದ್ದೇನೂ ಇರಲಿಲ್ಲವಲ್ಲ.

ಮಿಕ್ಕಿ 1928ರ ನವೆಂಬರ್ 18ರಂದು ‘ಸ್ಟೀಮ್‌ಬೋಟ್ ವಿಲ್ಲಿ’ಯಲ್ಲಿ ಸಿಳ್ಳೆ ಹಾಕುತ್ತ ಪರದೆಗೆ ಬಂದ. ಆ ಚಿತ್ರದ ಹಕ್ಕನ್ನು ಕಂಪನಿಯವರು 95 ವರ್ಷ ಕಾವಲು ಕಾದು, ಕಾಯಿದೆ ಇನ್ನು ಎಳೆಯಲು ಬಾರದಾದಾಗ, 2024ರ ಜನವರಿ 1ಕ್ಕೆ ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. ಅಮೆರಿಕದ ಪತ್ರಿಕೆಗಳಲ್ಲಿ ಅದು ದೊಡ್ಡ ಸುದ್ದಿ. ಬೆಳಗಾವಿ ಜಿಲ್ಲೆಯ ನಮ್ಮ ತಾಲ್ಲೂಕುಗಳಲ್ಲಿ ಮಿಕ್ಕಿ ಬಹಳ ಹಿಂದೆಯೇ ಗಾಂವಠಾಣಾ ಜಾಗದ ಹಾಗೆ ಸಾರ್ವಜನಿಕ ಸ್ವತ್ತಾಗಿದ್ದ. ಎಲ್ಲಮ್ಮನ ಜಾತ್ರೆಯ ಬಲೂನಿನ ಮೇಲೆ ಇವನೇ, ರಾಮದುರ್ಗದ ಕಟಿಂಗ್ ಅಂಗಡಿಯ ಗಾಜಿನ ಮೇಲೆ ಇವನೇ, ಬೈಲಹೊಂಗಲದ ಟ್ರ್ಯಾಕ್ಟರಿನ ಟ್ರೇಲರ್ ಹಿಂದೆ ‘ತಾಯಿಯ ಆಶೀರ್ವಾದ’ದ ಪಕ್ಕದಲ್ಲೂ ಇವನೇ. ಅವನ ಕಿವಿಗಳದ್ದೊಂದು ಚಮತ್ಕಾರವಿದೆ. ಮುಖ ಎತ್ತ ತಿರುಗಿಸಲಿ, ಎರಡೂ ಕಿವಿ ದುಂಡಗೆ ನಮ್ಮ ಕಡೆಗೇ ಕಾಣುತ್ತವೆ. ಇಂಥ ಕಿವಿ ಪ್ರಕೃತಿಯಲ್ಲಿ ಯಾವ ಪ್ರಾಣಿಗೂ ಇಲ್ಲ ಎಂದು ಬಲ್ಲವರು ಹೇಳುತ್ತಾರೆ. ಅವರು ಮತದಾನಕ್ಕೆ ಹದಿನೈದು ದಿನ ಮೊದಲು ನಮ್ಮ ಕಡೆ ಬಂದು ನೋಡಬೇಕು.

ಕಾರ್ಟೂನುಗಳನ್ನು ಮಕ್ಕಳಾಟ ಎನ್ನುವವರನ್ನು ಕಂಡರೆ ನನಗೆ ಕನಿಕರ. ನಮ್ಮ ಸಾರ್ವಜನಿಕ ಜೀವನ ನಡೆಯುತ್ತಿರುವ ಕಾಯಿದೆ ಯಾವುದು ಎಂದು ತಿಳಿಯಬೇಕಾದರೆ ಸಂವಿಧಾನದ ಜೊತೆಗೆ ಚಕ್ ಜೋನ್ಸ್ ಎಂಬಾತನನ್ನೂ ಓದಬೇಕು. ಈತ 1949ರಲ್ಲಿ ವಾರ್ನರ್ ಬ್ರದರ್ಸ್ ಕಂಪನಿಯಲ್ಲಿ ಕುಳಿತು ಎರಡು ಜೀವಿಗಳನ್ನು ಹುಟ್ಟಿಸಿದ. ಒಂದು, ರೋಡ್ ರನ್ನರ್ ಎಂಬ ಓಟದ ಹಕ್ಕಿ. ಇನ್ನೊಂದು, ಅದನ್ನು ಹಿಡಿದು ತಿನ್ನಬೇಕೆಂದು ಜನ್ಮ ಸವೆಸುವ ವೈಲ್ ಇ. ಕಯೋಟಿ ಎಂಬ ಬಡಕಲು ತೋಳ. ನವಿಲುತೀರ್ಥದ ಕಣಿವೆಯನ್ನು ಕಂಡವರಿಗೆ ಇವರು ಓಡಾಡುವ ಸೀಮೆ ಹೊಸದೇನೂ ಅನ್ನಿಸುವುದಿಲ್ಲ: ಕಡಿದಾದ ಬಂಡೆ, ಕೆಳಗೆ ಪಾತಾಳ. ತೋಳ ಓಡುತ್ತ ಓಡುತ್ತ ಬಂಡೆ ಮುಗಿದ ಮೇಲೂ ಗಾಳಿಯಲ್ಲೇ ಓಡುತ್ತದೆ. ಬೀಳುವುದಿಲ್ಲ. ಒಂದು ಗಳಿಗೆ ನಿಂತು, ಅನುಮಾನ ಬಂದು, ಕೆಳಗೆ ನೋಡುತ್ತದೆ. ನೋಡಿದಾಗಷ್ಟೇ ಬೀಳುತ್ತದೆ.

ಕಾರ್ಟೂನಿನ ದಂಡಸಂಹಿತೆಯ ಮೊದಲ ಕಲಮು ಇದು. ನಮ್ಮಲ್ಲಿ ಇದನ್ನು ಮೊದಲು ಕಲಿತವರು ಪುಢಾರಿಗಳು. ಸೊಸೈಟಿ ಮುಳುಗಿತು, ಅಧ್ಯಕ್ಷರು ಕೆಳಗೆ ನೋಡಲಿಲ್ಲ. ಮುಂದಿನ ಚುನಾವಣೆಗೆ ಬ್ಯಾಂಕಿನ ನಿರ್ದೇಶಕರಾದರು. ಕಟ್ಟಿದ ವರ್ಷವೇ ಸೇತುವೆ ಕುಸಿಯಿತು, ಗುತ್ತಿಗೆದಾರರು ಕೆಳಗೆ ನೋಡಲಿಲ್ಲ. ಅದೇ ಹಳ್ಳಕ್ಕೆ ಹೊಸ ಸೇತುವೆಯ ಟೆಂಡರ್ ಅವರಿಗೇ ಆಯಿತು. ಕಾಲ ಕೆಳಗೆ ನೆಲವಿಲ್ಲ ಎಂಬುದು ಊರಿಗೆಲ್ಲ ಕಾಣುತ್ತಿರುತ್ತದೆ, ಪಂಚೆಯ ತುದಿ ಹಿಡಿದು ಅವರು ಮಾತ್ರ ಗಾಳಿಯಲ್ಲಿ ನಡೆದು ಹೋಗುತ್ತಿರುತ್ತಾರೆ. ಬೀಳುವವನು ಯಾರು ಅಂದರೆ, ದಿನವೂ ಎರೆಹೊಲದ ಬಿರುಕು ನೋಡುವ ಕೆಲಸ ಯಾರಿಗೆ ಬಿದ್ದಿದೆಯೋ ಅವನು.

ತೋಳದ ಇನ್ನೊಂದು ಚಾಳಿ ನನಗೆ ಇದಕ್ಕಿಂತ ಇಷ್ಟ. ಬಂಡೆಗಲ್ಲಿನ ಮೇಲೆ ಬಣ್ಣದಲ್ಲಿ ಒಂದು ಸುರಂಗ ಬರೆಯುತ್ತದೆ. ಥೇಟ್ ಸುರಂಗ. ಹಕ್ಕಿ ಬಂದು ಡಿಕ್ಕಿ ಹೊಡೆದು ಬೀಳಲಿ ಎಂದು ಹಂಚಿಕೆ. ಹಕ್ಕಿ ‘ಬೀಪ್ ಬೀಪ್’ ಎನ್ನುತ್ತ ಬರೆದ ಸುರಂಗದೊಳಕ್ಕೇ ನುಗ್ಗಿ ಹೊರಟು ಹೋಗುತ್ತದೆ. ಬರೆದವನೇ ಬೆನ್ನಟ್ಟಿ ಹೋದರೆ, ಢಣ್ಣೆಂದು ಬಂಡೆಗೆ ಬಡಿದು ರೊಟ್ಟಿಯಾಗುತ್ತಾನೆ.

ಈ ಚಿತ್ರ ನೋಡಿದಾಗಲೆಲ್ಲ ನನಗೆ ನಮ್ಮ ರೈಲು ನೆನಪಾಗುತ್ತದೆ. ಬೆಳಗಾವಿಯಿಂದ ಕಿತ್ತೂರಿನ ಮೇಲೆ ಹಾಯ್ದು ಧಾರವಾಡಕ್ಕೆ 73 ಕಿ.ಮೀ. ನೇರ ಮಾರ್ಗ, 927 ಕೋಟಿ ರೂಪಾಯಿಯ ಅಂದಾಜು, ಲೋಂಡಾ ಸುತ್ತುವ ತಾಪತ್ರಯವಿಲ್ಲ. ಎಷ್ಟು ಚೆಂದದ ಸುರಂಗ! ಮಂಜೂರಾತಿಯ ಪತ್ರದ ಮೇಲೆ, ಬಜೆಟ್ಟಿನ ಪುಟದ ಮೇಲೆ, ಅಭಿನಂದನೆಯ ಫ್ಲೆಕ್ಸಿನ ಮೇಲೆ ಆ ಗಾಡಿ ಎಷ್ಟು ಸಲ ಓಡಿದೆಯೋ ಲೆಕ್ಕವಿಲ್ಲ. ಪಕ್ಷಭೇದವಿಲ್ಲದೆ ಎಲ್ಲ ಮುಖಂಡರೂ ಅದರಲ್ಲಿ ‘ಬೀಪ್ ಬೀಪ್’ ಎನ್ನುತ್ತ ಬೆಂಗಳೂರು, ದಿಲ್ಲಿ ಮುಟ್ಟಿದ್ದಾರೆ. ಕಿತ್ತೂರಿನವನು ಚೀಲ ಹೆಗಲಿಗೇರಿಸಿ ಹೊರಟರೆ ಮಾತ್ರ ಢಣ್! ಅವನಿಗೆ ಹೆದ್ದಾರಿಯ ಬಸ್ಸೇ ಗತಿ. ಸವದತ್ತಿಯವರದು, ರಾಮದುರ್ಗದವರದು ಇನ್ನೂ ಹಳೆಯ ಚಿತ್ರ. ಲೋಕಾಪುರದಿಂದ ರಾಮದುರ್ಗ, ಸವದತ್ತಿ ದಾಟಿ ಧಾರವಾಡಕ್ಕೆ ರೈಲು ಬೇಕೆಂಬ ಬೇಡಿಕೆಗೆ ಈಗ ಮೊಮ್ಮಕ್ಕಳಾಗುವ ವಯಸ್ಸು. ಬನದ ಹುಣ್ಣಿಮೆ, ಭರತ ಹುಣ್ಣಿಮೆಗೆ ಲಕ್ಷಗಟ್ಟಲೆ ಜನ ಎಲ್ಲಮ್ಮನ ಗುಡ್ಡಕ್ಕೆ ಬರುತ್ತಾರೆ. ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ, ಟ್ರ್ಯಾಕ್ಟರಿನಲ್ಲಿ ಬರುತ್ತಾರೆ, ನಡೆದೇ ಬರುತ್ತಾರೆ. ಅವರ ‘ಉಧೋ ಉಧೋ’ ಅಷ್ಟು ದೂರ ಕೇಳಿಸುತ್ತದೆ, ಆದರೆ ರೈಲ್ವೆಯವರ ಲಾಭದ ತಖ್ತೆಯಲ್ಲಿ ಅದಕ್ಕೊಂದು ಕಾಲಂ ಇಲ್ಲ.

ಇನ್ನು ಟಾಮ್ ಮತ್ತು ಜೆರ್ರಿ. ಹಾನಾ ಮತ್ತು ಬಾರ್ಬೆರಾ ಎಂಬ ಇಬ್ಬರು 1940ರಲ್ಲಿ ಶುರು ಮಾಡಿದ ಬೆಕ್ಕು–ಇಲಿಯ ಜಗಳ. ಬೆಕ್ಕು ಇಲಿಯನ್ನು ಏಕೆ ಹಿಡಿಯುವುದಿಲ್ಲ ಎಂಬುದು ಗಡಿ ವಿವಾದದ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜಗಳ ಮುಗಿದರೆ ಎರಡೂ ಕಡೆಯವರ ಅಂಗಡಿ ಬಂದ್. ಎಲ್ಲರೂ ಬೆಕ್ಕು–ಇಲಿಯನ್ನೇ ನೋಡುತ್ತಾರೆ. ನಾನು ನೋಡುವುದು ಆ ಮನೆ ನೋಡಿಕೊಳ್ಳುವ ಹೆಂಗಸನ್ನು. ಹಳೆಯ ಚಿತ್ರಗಳಲ್ಲಿ ಆಕೆಯ ಮುಖ ಸಾಮಾನ್ಯವಾಗಿ ಕಾಣಿಸುವುದೇ ಇಲ್ಲ. ಕಾಲು ಬರುತ್ತವೆ, ಚಪ್ಪಲಿ ಬರುತ್ತದೆ, ಗದರಿಕೆ ಬರುತ್ತದೆ, ಕಸಬರಿಗೆ ಬರುತ್ತದೆ. ಟಾಮ್ ಆ ಕಾಲಿನ ಸಪ್ಪಳ ಕೇಳಿ ಒಡೆದ ಪಿಂಗಾಣಿ ಬಚ್ಚಿಟ್ಟು, ಕಣ್ಣು ಪಿಳಿಪಿಳಿ ಬಿಡುತ್ತ ಸಂಭಾವಿತನಂತೆ ಮಲಗುತ್ತಾನೆ. ನಮ್ಮಲ್ಲಿ ಇದಕ್ಕೆ ಹೈಕಮಾಂಡ್ ಎನ್ನುತ್ತಾರೆ. ತಾಲ್ಲೂಕು ಮಟ್ಟದ ಯಾವ ಟಾಮನನ್ನು ಬೇಕಾದರೂ ಕೇಳಿ, ಅವನು ಹೈಕಮಾಂಡಿನ ಮುಖ ಕಂಡವನಲ್ಲ. ಕಾಲು ಮಾತ್ರ ಬಲ್ಲ. ಟಿಕೆಟ್ ತಪ್ಪಿದ ದಿನ ಬಾಗಿಲಿನ ಹೊರಗೆ ಬಿದ್ದಿದ್ದು, ಮರುದಿನ ಕಿಟಕಿಯಿಂದ ಒಳಗೆ ಬಂದು ಅದೇ ಕಾಲಿಗೆ ಮೈ ಉಜ್ಜುತ್ತಿರುತ್ತಾನೆ.

ಟಾಮ್–ಜೆರ್ರಿಗೆ ಏಳು ಆಸ್ಕರ್ ಬಂದವು. ಪ್ರತಿ ಸಲವೂ ಬೊಂಬೆ ಹೋದದ್ದು ನಿರ್ಮಾಪಕ ಫ್ರೆಡ್ ಕ್ವಿಂಬಿಯ ಕೈಗೆ. ಹಗಲು ರಾತ್ರಿ ಬೆಕ್ಕಿನ ಮೀಸೆ ಬರೆದ ಹಾನಾ–ಬಾರ್ಬೆರಾ ವೇದಿಕೆಯ ಮೇಲೆ ಇರಲಿಲ್ಲ. ಈ ಕ್ವಿಂಬಿ ಸಾಹೇಬರು ಅಮೆರಿಕದಲ್ಲಿ ಹುಟ್ಟಿದ್ದು ವಿಧಿಯ ಅಪಚಾರ. ನಮ್ಮಲ್ಲಿ ಹುಟ್ಟಿದ್ದರೆ ಪ್ರತಿ ಬಸ್ ತಂಗುದಾಣದ ಶಿಲಾಫಲಕದ ಮೇಲೆ ‘ಘನ ಉಪಸ್ಥಿತಿ’ ಅವರದೇ ಇರುತ್ತಿತ್ತು. ಗಾರೆ ಕಲಸಿದವನ ಹೆಸರು ಬರೆಯಲು ಕಲ್ಲಿನಲ್ಲಿ ಜಾಗವಿರುತ್ತಿರಲಿಲ್ಲ.

ಡೊನಾಲ್ಡ್ ಡಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 1934ರಲ್ಲಿ ಹುಟ್ಟಿದ ಈ ಬಾತುಕೋಳಿಗೆ ಮೇಲೆ ಅಂಗಿ ಇದೆ, ಕೆಳಗೆ ಏನೂ ಇಲ್ಲ. ಆದರೂ ಸ್ನಾನ ಮುಗಿಸಿ ಹೊರಬರುವಾಗ ನಾಚಿಕೊಂಡು ಸೊಂಟಕ್ಕೆ ಟವೆಲ್ ಸುತ್ತಿಕೊಳ್ಳುತ್ತಾನೆ. ಸಿಟ್ಟು ಬಂದರೆ ಏನು ಮಾತಾಡುತ್ತಾನೆ ಎಂದು ಯಾರಿಗೂ ತಿಳಿಯುವುದಿಲ್ಲ, ಸಿಟ್ಟು ಬಂದಿದೆ ಎಂಬುದಷ್ಟೇ ತಿಳಿಯುತ್ತದೆ. ಬೆಳಗಾವಿಯ ಸುವರ್ಣ ಸೌಧದಲ್ಲಿ ಚಳಿಗಾಲಕ್ಕೆ ಒಂದಿಷ್ಟು ದಿನ ಉತ್ತರ ಕರ್ನಾಟಕದ ಬಗ್ಗೆ ಹೀಗೆಯೇ ಸಿಟ್ಟು ಬರುತ್ತದೆ. ಅಧಿವೇಶನ ಮುಗಿದ ಸಂಜೆ ಸಭಾಪತಿ, ಸದಸ್ಯರು, ಸಿಟ್ಟು ಎಲ್ಲ ಒಟ್ಟಿಗೇ ಬೆಂಗಳೂರಿನ ಗಾಡಿ ಹತ್ತುತ್ತವೆ.

ಗೂಫಿ ಮತ್ತು ಪ್ಲೂಟೊ ವಿಷಯಕ್ಕೆ ಬಂದರೆ ನಗು ಸ್ವಲ್ಪ ಗಂಟಲಲ್ಲಿ ಸಿಕ್ಕುತ್ತದೆ. ಇಬ್ಬರೂ ನಾಯಿಗಳು. ಒಬ್ಬ ಪ್ಯಾಂಟು ಹಾಕುತ್ತಾನೆ, ಟೋಪಿ ಇಡುತ್ತಾನೆ, ಕಾರು ಓಡಿಸುತ್ತಾನೆ, ಮಿಕ್ಕಿಯ ಜೊತೆ ಮೇಜಿಗೆ ಕುಳಿತು ಉಣ್ಣುತ್ತಾನೆ. ಇನ್ನೊಬ್ಬನ ಕೊರಳಿಗೆ ಪಟ್ಟಿ, ಅಂಗಳದಲ್ಲಿ ಗೂಡು, ಮಾತಾಡುವಂತಿಲ್ಲ. ಹೀಗೇಕೆ ಎಂದು ಅಮೆರಿಕದ ಮಕ್ಕಳು ತಲೆಮಾರುಗಳಿಂದ ಕೇಳುತ್ತಲೇ ಇವೆಯಂತೆ. ನಮ್ಮ ಹಳ್ಳಿಯ ಮಕ್ಕಳು ಕೇಳುವುದಿಲ್ಲ. ಚಹಾದ ಅಂಗಡಿಯಲ್ಲಿ ಒಬ್ಬರಿಗೆ ಗಾಜಿನ ಕಪ್ಪು, ಇನ್ನೊಬ್ಬರಿಗೆ ಕಾಗದದ ಕಪ್ಪು ಬರುವುದನ್ನು ನೋಡಿ ಬೆಳೆದ ಮಗುವಿಗೆ ಪ್ಲೂಟೊ ಎಲ್ಲಿ ಕೂಡಬೇಕು ಎಂಬುದು ತಾನಾಗಿಯೇ ತಿಳಿದಿರುತ್ತದೆ.

ಕಬ್ಬಿನವರಿಗೆ ಹತ್ತಿರದ ಪಾತ್ರ ಒಂದಿದೆ. ಪೊಪಾಯ್‌ನ ಗೆಳೆಯ ವಿಂಪಿ. ಹ್ಯಾಟು, ಟೈ, ಸಂಭಾವಿತ ಮಾತು. ಹ್ಯಾಂಬರ್ಗರ್ ಈಗಲೇ ಬೇಕು, ಹಣ ಮಂಗಳವಾರ ಕೊಡುತ್ತಾನೆ. ಯಾವ ಮಂಗಳವಾರ ಎಂದು ಅವನು ಬಾಯಿಬಿಟ್ಟದ್ದಿಲ್ಲ. ‘ಇಂದು ನಗದು, ನಾಳೆ ಉದ್ರಿ’ ಎಂಬ ಬೋರ್ಡು ಓದಿ ಬೆಳೆದ ನಮ್ಮ ರೈತನೂ ಚಳಿಗಾಲದಲ್ಲಿ ಇಂಥ ಟೈ ಕಟ್ಟಿದವರಿಗೇ ಕಬ್ಬು ಹಾಕುತ್ತಾನೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನದೊಳಗೆ ಹಣ ಸಂದಾಯವಾಗಬೇಕು. ಕಾರ್ಖಾನೆಯ ಪಂಚಾಂಗದಲ್ಲಿ ಆ ಹದಿನಾಲ್ಕನೆಯ ದಿನಕ್ಕೆ ಅಧಿಕ ಮಾಸ ಬಂದುಬಿಡುತ್ತದೆ. ಟೆಕ್ಸಾಸಿನ ಕ್ರಿಸ್ಟಲ್ ಸಿಟಿಯಲ್ಲಿ ಪಾಲಕ್ ಬೆಳೆಯುವವರು, ತಮ್ಮ ಸೊಪ್ಪು ತಿಂದು ತೋಳು ಉಬ್ಬಿಸಿದ ಪೊಪಾಯ್‌ಗೆ 1937ರಲ್ಲೇ ಪ್ರತಿಮೆ ನಿಲ್ಲಿಸಿದ್ದಾರೆ. ನಮ್ಮ ಕಬ್ಬು ಬೆಳೆಗಾರರೂ ಕೃತಜ್ಞತೆ ಬಿಡಬಾರದು. ಯಾವುದಾದರೂ ತೂಕದ ಕಾಟಾದ ಮುಂದೆ ವಿಂಪಿಯದೊಂದು ಪಂಚಲೋಹದ ಮೂರ್ತಿಯಾಗಲಿ. ಅನಾವರಣ ಮಂಗಳವಾರ.

ಇಷ್ಟೆಲ್ಲ ಹಳೆಯ ಮಾತಾಯಿತು, ಈಗಿನ ಮಕ್ಕಳು ನೋಡುವುದು ಛೋಟಾ ಭೀಮನನ್ನು. 2008ರಲ್ಲಿ ಹೈದರಾಬಾದಿನ ಗ್ರೀನ್ ಗೋಲ್ಡ್ ಕಂಪನಿಯವರು ತಂದ ಪೈಲವಾನ. ಲಾಡು ತಿಂದರೆ ಬಲ ಬರುತ್ತದೆ. ನಮ್ಮ ಓಣಿಯ ಹುಡುಗನೊಬ್ಬ ಮನೆಯಲ್ಲಿ ಶೇಂಗಾ ಹೋಳಿಗೆ ಇಟ್ಟುಕೊಂಡು ಲಾಡುವಿಗೆ ಹಟ ಹಿಡಿದಿದ್ದ. ಎಮ್ಮೆ ಕೊಂಬು ಬೀಸಿಕೊಂಡು ಬಂದರೆ ‘ಯವ್ವಾ’ ಎಂದು ಕೂಗುವ ಬದಲು ‘ಬಚಾವೋ’ ಎಂದು ಕೂಗಿದ. ಎಮ್ಮೆಗೆ ಹಿಂದಿ ಬಾರದ್ದರಿಂದ ಗುದ್ದಿಯೇ ಹೋಯಿತು. ಕನ್ನಡದಲ್ಲೂ ಕಾರ್ಟೂನ್ ಇರಲಿ ಎಂದು 2009ರಲ್ಲಿ ಚಿಂಟು ಟಿ.ವಿ. ಬಂತು, ನಿಜ. ಅದರಲ್ಲಿ ಬೆಕ್ಕು, ನಾಯಿ, ರಾಕ್ಷಸ ಎಲ್ಲವೂ ಬೆಂಗಳೂರಿನ ಬಸವನಗುಡಿಯಲ್ಲಿ ಹುಟ್ಟಿದವರ ಹಾಗೆ ಮಾತಾಡುತ್ತಿದ್ದವು. ಅದನ್ನು ಕೇಳಿಸಿಕೊಂಡ ನಮ್ಮ ಅಜ್ಜ ಒಬ್ಬರು, "ಈ ರಾಕ್ಷಸ ಬಾಳ ಸಾಲಿ ಕಲ್ತಾನ ನೋಡು" ಎಂದರು. ಅವರೇ ಮುಂದೊಂದು ದಿನ ಮೊಮ್ಮಗನ ಪಕ್ಕ ಕುಳಿತು ಭೀಮನ ಆಟ ನೋಡಿ ಕೇಳಿದ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ.

"ಅಲ್ಲೋ, ಈ ಢೋಲಕಪುರ ಯಾವ ತಾಲ್ಲೂಕಿಗೆ ಬರತೈತಿ? ಯರಗಟ್ಟಿಗತೆ ಹೊಸಾದಾತೇನು?"

ಮೊಮ್ಮಗ, "ಅದು ರಾಜ್ಯ ಅಜ್ಜಾ, ಅಲ್ಲಿ ರಾಜಾ ಅದಾನ" ಎಂದ.

"ಹಂಗಾರ ಅರ್ಜಿ ಯಾರಿಗೆ ಕೊಡಬೇಕ ಅನ್ನೂದರ ಗೊತ್ತೈತಿ ಬಿಡು. ಪುಣ್ಯಾವಂತರು."

ಕಾರ್ಟೂನಿನಲ್ಲಿ ಸಾವಿಲ್ಲ. ಮೇಲಿನಿಂದ ಪಿಯಾನೊ ಬೀಳುತ್ತದೆ, ಟಾಮ್ ಹಲ್ಲಿನ ಜಾಗದಲ್ಲಿ ಪಿಯಾನೊದ ಕೀಲಿ ಮೆರೆಸುತ್ತ ಎದ್ದು ಬರುತ್ತಾನೆ. ಬಾಂಬು ಸಿಡಿಯುತ್ತದೆ, ಮುಖಕ್ಕೆ ಮಸಿ ಹತ್ತುತ್ತದೆ, ಮುಂದಿನ ದೃಶ್ಯಕ್ಕೆ ಮುಖ ತೊಳೆದು ಹಾಜರು. ನಮ್ಮ ಮಣ್ಣಿನ ಆಟಗಳಿಗೆ ಈ ಸವಲತ್ತು ಇರಲಿಲ್ಲ. ಬೈಲಹೊಂಗಲದ ‘ಸಂಗ್ಯಾ ಬಾಳ್ಯಾ’ ಸಣ್ಣಾಟದಲ್ಲಿ ಗೆಳೆಯ ಕೈಕೊಟ್ಟು ಸಂಗ್ಯಾನಿಗೆ ಏಟು ಬಿದ್ದರೆ ಅವನು ಸತ್ತೇ ಹೋಗುತ್ತಾನೆ. ತಲೆಗೆ ಪಟ್ಟಿ ಕಟ್ಟಿಕೊಂಡು ಮುಂದಿನ ಪದಕ್ಕೆ ಬರುವುದಿಲ್ಲ. ಕಿತ್ತೂರಿನಲ್ಲಿ 1824ರ ಅಕ್ಟೋಬರ್ 23ರಂದು ಗುಂಡು ತಗುಲಿದ ಕಲೆಕ್ಟರ್ ಥ್ಯಾಕರೆ ಏಳಲಿಲ್ಲ. ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿದ್ದ ಚೆನ್ನಮ್ಮ 1829ರಲ್ಲಿ ಅಲ್ಲಿಯೇ ತೀರಿಕೊಂಡಳು. 1831ರಲ್ಲಿ ನಂದಗಡದ ಗಲ್ಲಿಗೆ ಹೋದ ಸಂಗೊಳ್ಳಿ ರಾಯಣ್ಣನೂ ತಿರುಗಿ ಬರಲಿಲ್ಲ. ಈಗ ಉತ್ಸವಕ್ಕೆ, ಸಾಲಿಯ ಗ್ಯಾದರಿಂಗಿಗೆ ಒಂದೇ ವೇದಿಕೆಯ ಮೇಲೆ ರಟ್ಟಿನ ಕತ್ತಿಯ ಮೂವರು ಚೆನ್ನಮ್ಮರು, ಇಬ್ಬರು ರಾಯಣ್ಣರು, ಒಬ್ಬ ಛೋಟಾ ಭೀಮ ನಿಲ್ಲುತ್ತಾರೆ. ಮೊದಲ ಬಹುಮಾನ ಭೀಮನಿಗೆ ಬರುತ್ತದೆ. ಅವನ ವೇಷದ ಬಾಡಿಗೆ ಹೆಚ್ಚು.

ನಮ್ಮದೇ ಒಂದು ಕಾರ್ಟೂನ್ ಇತ್ತು. ಪರದೆ ಇತ್ತು, ಪರದೆಯ ಹಿಂದೆ ದೀಪ ಇತ್ತು, ಬಣ್ಣ ಹಚ್ಚಿದ ತೊಗಲಿನ ಚಿತ್ರಗಳು ಕೈಕಾಲು ಆಡಿಸುತ್ತಿದ್ದವು. ಮಿಕ್ಕಿಯ ಮುತ್ತಜ್ಜ ಹುಟ್ಟುವುದಕ್ಕೂ ಮುಂಚಿನ ಕಥೆ. ಗಣಪತಿಯ ಪೂಜೆಯಾದ ಮೇಲೆ ರಾಮ, ರಾವಣರಿಗಿಂತ ಮೊದಲು ಪರದೆಗೆ ಬರುತ್ತಿದ್ದವನು ಕಿಳ್ಳೇಕ್ಯಾತ. ಕರಿ ಮೈ, ಡೊಳ್ಳು ಹೊಟ್ಟೆ, ಅಡ್ಡಾದಿಡ್ಡಿ ಕೈಕಾಲು. ಜೊತೆಗೆ ಹೆಂಡತಿ ಬಂಗಾರಕ್ಕ. ಇಬ್ಬರ ಜಗಳ, ಪೋಲಿ ಮಾತು, ಊರ ಗೌಡರ ಮುಂದೆಯೇ ಊರ ಗೌಡರ ಗೇಲಿ. ತೊಗಲಿನ ಬಾಯಿಂದ ಬಂದ ಮಾತಿಗೆ ಯಾರೂ ಫಿರ್ಯಾದಿ ಕೊಡುತ್ತಿರಲಿಲ್ಲ. ಡೊನಾಲ್ಡನ ಸಿಟ್ಟಿನ ಮಾತು ತಿಳಿಯುವುದಿಲ್ಲ. ಇವನ ಸಿಟ್ಟು ಕುಳಿತವರಿಗೆಲ್ಲ ತಿಳಿಯುತ್ತಿತ್ತು, ಅದೇ ಅವನ ತಪ್ಪಾಯಿತೋ ಏನೋ. ಆ ಆಟ ಆಡಿಸುವ ಸಮುದಾಯದ ಹೆಸರನ್ನೇ ನಾವು ಬೈಗುಳ ಮಾಡಿಕೊಂಡೆವು, ಮಿಕ್ಕಿಯ ಹೆಸರನ್ನು ಮಗುವಿನ ಚಡ್ಡಿಯ ಮೇಲೆ ಬರೆಸಿಕೊಂಡೆವು.

ಮಳೆ ಹೋದ ವರ್ಷ ಹಳ್ಳಿಯವರು ವಂತಿಗೆ ಎತ್ತಿ ಈ ಆಟ ಆಡಿಸುತ್ತಿದ್ದರು. ಗೊಂಬೆ ಕುಣಿದರೆ ಮಳೆ ಬರುತ್ತದೆ ಎಂಬ ನಂಬಿಕೆ. ಮೂಢನಂಬಿಕೆ ಅನ್ನಿ. ಈಗ ನಾವು ವೈಜ್ಞಾನಿಕರು. 2006ರಲ್ಲಿ ಕಣಕುಂಬಿಯಲ್ಲಿ ಕಳಸಾ–ಬಂಡೂರಿ ನೀರಿನ ಯೋಜನೆಗೆ ಭೂಮಿಪೂಜೆ ಮಾಡಿಸಿದೆವು. 2010ರಲ್ಲಿ ನ್ಯಾಯಮಂಡಳಿ ಕೂಡಿಸಿದೆವು. 2018ರ ಆಗಸ್ಟಿನಲ್ಲಿ ಮಹದಾಯಿಯಿಂದ ಕರ್ನಾಟಕಕ್ಕೆ 13.42 ಟಿಎಂಸಿ ಎಂದು ತೀರ್ಪಾಯಿತು, ಅದರಲ್ಲಿ ಕಳಸಾ–ಬಂಡೂರಿಯಿಂದ ಮಲಪ್ರಭೆಗೆ ತಿರುಗಬೇಕಾದದ್ದು 3.9. 2020ರಲ್ಲಿ ಗೆಜೆಟ್ ಆಯಿತು, ಪಟಾಕಿ ಹಾರಿತು. ಮಲಪ್ರಭೆಯ 37.73 ಟಿಎಂಸಿ ಹಿಡಿಯುವ ನವಿಲುತೀರ್ಥದ ಅಣೆಕಟ್ಟಿಗೆ ಗೆಜೆಟ್ಟಿನಿಂದ ಒಂದು ಚರಗಿ ನೀರೂ ಇಳಿಯಲಿಲ್ಲ. ಯಾರೂ ಕರೆಯದಿದ್ದಾಗ, 2019ರ ಆಗಸ್ಟಿನಲ್ಲಿ, ಮಳೆ ತಾನೇ ಬಂತು. ಬಂದು ಮುನವಳ್ಳಿ, ರಾಮದುರ್ಗದ ಕಡೆಯ ಮನೆಗಳನ್ನು ಮುಳುಗಿಸಿತು. ಆಗ ವಿಮಾನದಲ್ಲಿ ಬಂದ ದೊಡ್ಡವರು ಕೆಳಗೆ ನೋಡಿದರು. ಕಿಟಕಿಯ ಗಾಜು ಗಟ್ಟಿಯಿತ್ತು, ಬೀಳಲಿಲ್ಲ.

ಆ ಮಹಾಪೂರದಲ್ಲಿ ಮಗ್ಗ ಹಾಳಾದ ನೇಕಾರರೊಬ್ಬರು ನನಗೆ ಪರಿಚಯ. ಊರು, ಹೆಸರು ಬೇಡ. ಈಗ ಅವರು ಸೀಜನ್ ಇದ್ದಾಗ ಕಾರ್ಟೂನ್ ಆಗುತ್ತಾರೆ. ಮದುವೆಯ ಬಾಗಿಲಲ್ಲಿ ಮಿಕ್ಕಿ, ಮೊಬೈಲ್ ಅಂಗಡಿಯ ಮುಂದೆ ಭೀಮ, ಜಾತ್ರೆಯಲ್ಲಿ ಯಾವ ತಲೆ ಖಾಲಿ ಇದೆಯೋ ಅದು. ಒಳಗೆ ಫೋಮು, ಹೊರಗೆ ಉಣ್ಣೆಯಂಥ ಬಟ್ಟೆ, ಏಪ್ರಿಲ್ ಬಿಸಿಲು. ಆ ದೊಡ್ಡ ಕಣ್ಣುಗಳಿಂದ ಏನೂ ಕಾಣುವುದಿಲ್ಲವಂತೆ, ಬಾಯಿಯ ಜಾಲರಿಯಿಂದಲೇ ನೋಡಬೇಕು. ಎದುರಿನ ಮಗುವಿನ ತಲೆ ಕಾಣುತ್ತದೆ. ತನ್ನ ಕಾಲು ತನಗೆ ಕಾಣುವುದಿಲ್ಲ.

ನಾನು ಹೇಳಿದೆ, "ಕಾಕಾ, ನಿಮಗ ಚಿಂತಿ ಇಲ್ಲ ಬಿಡ್ರಿ. ಕಾರ್ಟೂನಿನಾಗ ಕೆಳಗ ನೋಡದವರು ಬೀಳೂದಿಲ್ಲ."

ಹೋದ ತಿಂಗಳು ಬಟ್ಟೆ ಅಂಗಡಿಯೊಂದರ ಉದ್ಘಾಟನೆ. ಕಾಕಾ ಮಿಕ್ಕಿಯಾಗಿ ಮೆಟ್ಟಿಲ ಮೇಲೆ ನಿಂತು ಐದು ಬೆರಳಿನ ಕೈ ಬೀಸುತ್ತಿದ್ದರು. ಮುಖ್ಯ ಅತಿಥಿಗಳ ಕಾರು ಬಂತು, ಜನ ನುಗ್ಗಿದರು, ಕಾಕಾ ಹಿಂದಕ್ಕೆ ಒಂದು ಹೆಜ್ಜೆ ಇಟ್ಟರು. ಹಿಂದೆ ಮೆಟ್ಟಿಲು ಮುಗಿದು ಪುರಸಭೆಯವರು ಕಲ್ಲು ಹಾಸದೆ ಬಿಟ್ಟ ಗಟಾರಿತ್ತು. ಗಾಳಿಯಲ್ಲಿ ಒಂದು ಗಳಿಗೆಯೂ ನಿಲ್ಲಲಿಲ್ಲ, ನೇರ ಒಳಗೆ ಹೋದರು. ಮಕ್ಕಳು ಚಪ್ಪಾಳೆ ತಟ್ಟಿ ಕುಣಿದರು. ಒಬ್ಬ ಹುಡುಗ ಅಂಚಿಗೆ ಬಂದು, "ಅಂಕಲ್, ಇನ್ನೊಮ್ಮೆ ಬೀಳ್ರಿ, ವಿಡಿಯೊ ಆಗಿಲ್ಲ" ಎಂದ. ಮುಖ್ಯ ಅತಿಥಿಗಳು ಅದೇ ಗಟಾರವನ್ನು ದಾಟಿಯೇ ಒಳಗೆ ನಡೆದರು. ಅವರು ಕೆಳಗೆ ನೋಡಲೂ ಇಲ್ಲ, ಬೀಳಲೂ ಇಲ್ಲ.

ವೇಷ ಬಾಡಿಗೆ ಕೊಟ್ಟವನು ಓಡಿ ಬಂದು, ಮಿಕ್ಕಿಯ ತಲೆಯನ್ನು ಎರಡೂ ಕೈಯಿಂದ ಎತ್ತಿ, ಬಿಸಿಲಿಗೆ ಹಿಡಿದು, ಸೀಳಿದೆಯೇ ಎಂದು ಸುತ್ತ ತಿರುಗಿಸಿ ನೋಡಿದ. ಒಂದು ಕಿವಿ ಮುದುಡಿತ್ತು. ಮುನ್ನೂರು ಕಡಿತ. ಕಾಕಾ ಇನ್ನೂ ಗಟಾರಿನಲ್ಲೇ ಇದ್ದರು.